ದುರ್ಗಕ್ಕೆ ಸಿಗದ ಸನದು ಸಂಡೂರಿಗೆ ಸಿಕ್ಕಿದ್ದು ಹೇಗೆ?

2011ಕ್ಕೆ ಮುಂಚೆ ಚಿತ್ರದುರ್ಗದ ಹೆದ್ದಾರಿ ಪಕ್ಕ ಓಡಾಡಿದವರಿಗೆ ಆ ಕೆಂಪು ಬಣ್ಣ ಮರೆತಿರಲಿಕ್ಕಿಲ್ಲ. ಹೊಸಪೇಟೆ ಕಡೆಯಿಂದ ಅದಿರು ತುಂಬಿಕೊಂಡ ಲಾರಿಗಳು ಮಂಗಳೂರು ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದವು. ಡಾಬಾ ಮುಂದೆ ನಿಂತ ಲಾರಿಯ ಟಾರ್ಪಾಲು ಕೆಂಪು, ಟೈರು ಕೆಂಪು, ಕ್ಲೀನರ್ ಹುಡುಗನ ಹುಬ್ಬೂ ಕೆಂಪು. ಅವನು ಮುಖ ತೊಳೆದರೆ ನೀರು ಕುಂಕುಮ ಕದಡಿದ ಹಾಗೆ ಚರಂಡಿಗೆ ಇಳಿಯುತ್ತಿತ್ತು. ಎಲ್ಲಿಂದ ಬಂದ್ರಿ ಅಂತ ಕೇಳಿದರೆ ಒಂದೇ ಉತ್ತರ: ಸಂಡೂರು.

ಆ ಸಂಡೂರು 1949ರ ಮಾರ್ಚ್ 31ರವರೆಗೆ ಒಂದು ಬೇರೆಯೇ ರಾಜ್ಯವಾಗಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಅದಕ್ಕೆ ಅದರದೇ ರಾಜ, ಅದರದೇ ದಿವಾನ, ಅದರದೇ ಕಚೇರಿ. ಸುತ್ತಲೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ನಡುವೆ ಬೆಟ್ಟಗಳ ಬೊಗಸೆಯೊಳಗೆ ಈ ಪುಟ್ಟ ಸಂಸ್ಥಾನ. ವಿಸ್ತೀರ್ಣ 161 ಚದರ ಮೈಲಿ, ಅಂದರೆ ಸುಮಾರು 417 ಚದರ ಕಿಲೋಮೀಟರ್. ಈಗಿನ ಚಿತ್ರದುರ್ಗ ಜಿಲ್ಲೆಯೊಳಗೆ ಅಂಥ ಇಪ್ಪತ್ತು ಸಂಡೂರುಗಳನ್ನು ಕೂರಿಸಬಹುದು. 1901ರ ಜನಗಣತಿಯಲ್ಲಿ ಅಲ್ಲಿದ್ದವರು 11,200 ಜನ. ಇವತ್ತು ದಾವಣಗೆರೆಯ ಒಂದೆರಡು ವಾರ್ಡಿನಲ್ಲಿ ಅಷ್ಟು ಜನ ಸಿಕ್ಕಾರು.

ದುರ್ಗದವಳಾದ ನನಗೆ ಇಲ್ಲೇ ಪ್ರಶ್ನೆ ಹುಟ್ಟಿದ್ದು. ಕೋಟೆ ನೋಡಲು ಬರುವ ನೆಂಟರು ಒಂದು ಮಾತು ಕೇಳೇ ಕೇಳುತ್ತಾರೆ. "ಬ್ರಿಟಿಷರ ಕಾಲದಲ್ಲಿ ಇಲ್ಲಿ ಯಾವ ರಾಜ ಇದ್ದ?" ಯಾರೂ ಇರಲಿಲ್ಲ. ಏಳು ಸುತ್ತಿನ ಕೋಟೆ, ಇನ್ನೂರಕ್ಕೂ ಹೆಚ್ಚು ವರ್ಷ ಆಳಿದ ನಾಯಕರು, ಎಲ್ಲವೂ 1779ಕ್ಕೆ ಮುಗಿಯಿತು. ಇಷ್ಟು ದೊಡ್ಡ ದುರ್ಗ ನಕ್ಷೆಯಿಂದ ಅಳಿಸಿಹೋಗಿ ಅಷ್ಟು ಚಿಕ್ಕ ಸಂಡೂರು ಇನ್ನೂ 170 ವರ್ಷ ಬಾಳಿತಲ್ಲ, ಅದು ಹೇಗೆ? ಇದಕ್ಕೆ ಉತ್ತರ ಹುಡುಕಿದರೆ ಬ್ರಿಟಿಷರ ಕಾಲದ ಸಂಸ್ಥಾನ ಅಂದರೆ ಏನು ಅನ್ನೋದೂ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ ಮಾತಿನಲ್ಲಿ ಇವು ಒಂದಕ್ಕೊಂದು ಕಲೆತುಹೋಗಿವೆ.

ಪಾಳೆಯಪಟ್ಟು ಅಂದರೆ ಪಾಳೇಗಾರನ ಸೀಮೆ. ವಿಜಯನಗರದ ಕಾಲದಲ್ಲಿ ದಂಡು ಸಾಕಿ, ಕರೆದಾಗ ಯುದ್ಧಕ್ಕೆ ಬರುವ ನಾಯಕರಿಗೆ ಸೀಮೆ ಬಿಟ್ಟುಕೊಡುತ್ತಿದ್ದರು. ವಿಜಯನಗರ ಬಿದ್ದಮೇಲೆ ಅವರು ಬಹುಮಟ್ಟಿಗೆ ತಾವೇ ರಾಜರಾದರು. ದುರ್ಗ, ಹರಪನಹಳ್ಳಿ, ತರೀಕೆರೆ, ರಾಯದುರ್ಗ ಎಲ್ಲಾ ಹೀಗೆ ಬೆಳೆದವು. ಜಹಗೀರು ಬೇರೆ. ಅದು ಮೇಲಿನ ದೊರೆ ಒಬ್ಬ ಸರದಾರನಿಗೆ ಉಣ್ಣಲು ಕೊಟ್ಟ ಊರು. ದಾವಣಗೆರೆಯೇ ಅದಕ್ಕೆ ಉದಾಹರಣೆ. ಬೇತೂರಿನ ಪಕ್ಕದ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರ್ ಅಲಿ ಅಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಆತನಿಗೆ ವಾರಸುದಾರರಿರಲಿಲ್ಲ. ಜಹಗೀರು ಅಲ್ಲಿಗೆ ನಿಂತಿತು, ವ್ಯಾಪಾರ ಮಾತ್ರ ಉಳಿಯಿತು.

ಮೂರನೆಯದು ಸಂಸ್ಥಾನ. ಬ್ರಿಟಿಷರ ಕಾಲದಲ್ಲಿ ಈ ಪದಕ್ಕೆ ಗಟ್ಟಿ ಅರ್ಥ ಬಂತು. ಬ್ರಿಟಿಷರು ನೇರವಾಗಿ ಆಳದೆ, ಅಲ್ಲಿನ ದೊರೆಯ ಕೈಯಲ್ಲೇ ಆಡಳಿತ ಬಿಟ್ಟ ನಾಡು ಅದು. ದೊರೆ ಬೇರೆ ರಾಜರ ಜೊತೆ ಯುದ್ಧ ಮಾಡುವ ಹಾಗಿಲ್ಲ, ಸಂಧಿ ಮಾಡಿಕೊಳ್ಳುವ ಹಾಗಿಲ್ಲ. ಒಳಗಿನ ಕಂದಾಯ, ನ್ಯಾಯ, ಪೊಲೀಸು ಅವನದು. ಸ್ವಾತಂತ್ರ್ಯ ಬರುವ ಹೊತ್ತಿಗೆ ಇಂಡಿಯಾದಲ್ಲಿ ಇಂಥವು ಸುಮಾರು 560 ಇದ್ದವು. ಮೈಸೂರಿನಂಥ ದೊಡ್ಡವಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದವಿತ್ತು. ಚಿಕ್ಕವಕ್ಕೆ ಇದ್ದದ್ದು ಸನದು, ಅಂದರೆ ಹಕ್ಕುಪತ್ರ. ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕುತ್ತಾರೆ. ಸನದನ್ನು ಮೇಲಿನವರು ಬರೆದು ಕೊಡುತ್ತಾರೆ, ಕೆಳಗಿನವರು ಕೈಚಾಚಿ ತೆಗೆದುಕೊಳ್ಳುತ್ತಾರೆ.

ಈಗ ಕತೆಗೆ ಬರೋಣ.

ಸಂಡೂರೂ ಮೊದಲು ಬೇಡ ಪಾಳೇಗಾರರದೇ. ನಮ್ಮ ದುರ್ಗದ ನಾಯಕರ ಹಾಗೆಯೇ. 1728ರಲ್ಲಿ ಸಿದ್ದೋಜಿರಾವ್ ಘೋರ್ಪಡೆ ಅದನ್ನು ಕಿತ್ತುಕೊಂಡ. ಘೋರ್ಪಡೆ ಅನ್ನೋ ಹೆಸರು ಮರಾಠಿಯ ಘೋರ್ಪಡ್‌ನಿಂದ ಬಂದದ್ದು, ಅಂದರೆ ಉಡ. ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆಗೆ ಬಿಟ್ಟು, ಆ ಹಗ್ಗ ಹಿಡಿದು ಹತ್ತಿದ ಪೂರ್ವಿಕನ ಕತೆಯನ್ನು ಆ ಮನೆತನ ಹೇಳಿಕೊಂಡು ಬಂದಿದೆ. ಮುಧೋಳದ ದೊರೆಗಳೂ ಘೋರ್ಪಡೆಗಳೇ.

ಸಿದ್ದೋಜಿಯ ಹಿರಿಯ ಮಗ ಮುರಾರಿರಾವ್. ಗುತ್ತಿಯ ಮುರಾರಿರಾವ್ ಅಂದರೆ ಆ ಕಾಲದಲ್ಲಿ ಆರ್ಕಾಟಿನವರೆಗೆ ಹೆಸರು. 1751ರಲ್ಲಿ ಆರ್ಕಾಟ್ ಮುತ್ತಿಗೆಯಲ್ಲಿ ಸಿಕ್ಕಿಕೊಂಡ ಇಂಗ್ಲಿಷ್ ದಂಡಿನ ಕ್ಲೈವ್‌ನ ನೆರವಿಗೆ ಹೊರಟ ಮರಾಠ ದಂಡು ಇವನದೇ. 1776ರಲ್ಲಿ ಹೈದರ್ ಗುತ್ತಿ ಕೋಟೆಯನ್ನು ಹಿಡಿದ. ಮೇಲೆ ನೀರು ಮುಗಿದಿತ್ತು, ಮುರಾರಿರಾವ್ ಶರಣಾಗಲೇಬೇಕಾಯಿತು. ಅವನನ್ನು ಕಬ್ಬಾಳದುರ್ಗದ ಸೆರೆಗೆ ಕಳಿಸಿದರು. ಅಲ್ಲೇ ಸತ್ತ. ಗುತ್ತಿಯ ಜೊತೆ ಸಂಡೂರೂ ಹೈದರನ ಕೈಗೆ ಹೋಯಿತು. ಕಣಿವೆಯೊಳಗಿನ ಕೃಷ್ಣಾನಗರದ ಕೋಟೆಯನ್ನು ಹೈದರ್ ಶುರು ಮಾಡಿಸಿದ, ಟಿಪ್ಪು ಮುಗಿಸಿದ.

ಮೂರು ವರ್ಷ ಬಿಟ್ಟು, 1779ರಲ್ಲಿ, ಅದೇ ಹೈದರ್ ಚಿತ್ರದುರ್ಗವನ್ನು ಹಿಡಿದ. ಈ ಕತೆ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಕೋಟೆಯೊಳಗಿನ ತನ್ನದೇ ದಂಡಿನ ಕೆಲವರು ಕೈಕೊಟ್ಟರು, ಮದಕರಿನಾಯಕ ಸೆರೆಸಿಕ್ಕ. ಅವನನ್ನೂ ಮನೆಯವರನ್ನೂ ಶ್ರೀರಂಗಪಟ್ಟಣಕ್ಕೆ ಒಯ್ದರು. ಇದರ ಮುಂದಿನ ಭಾಗವನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ. ಹೈದರ್ ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದ. ಹುಡುಗರನ್ನು ಆರಿಸಿ ಚೇಲಾ ಪಡೆ ಅಂತ ತನ್ನ ದಂಡಿಗೆ ಸೇರಿಸಿಕೊಂಡ. ಒಂದು ಸೀಮೆಯ ನಾಯಕನನ್ನು ಹಿಡಿಯುವುದು ಬೇರೆ, ಅವನಿಗಾಗಿ ಬಿಲ್ಲು ಹಿಡಿಯುವ ಜನವನ್ನೇ ಕಿತ್ತು ಬೇರೆಡೆ ನೆಡುವುದು ಬೇರೆ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಕೂತಾಗೆಲ್ಲ ನನಗೆ ಯುದ್ಧಕ್ಕಿಂತ ಜಾಸ್ತಿ ಕಾಡುವುದು ಆ ಇಪ್ಪತ್ತು ಸಾವಿರ ಜನರ ನಡಿಗೆಯೇ.

ಇಲ್ಲಿಯವರೆಗೆ ಎರಡೂ ಊರಿನ ಹಣೆಬರಹ ಒಂದೇ. ಇಬ್ಬರು ದೊರೆಗಳು, ಇಬ್ಬರೂ ಹೈದರನ ಸೆರೆಯಾಳುಗಳು. ಹಾದಿ ಕವಲೊಡೆದದ್ದು ಇದರ ನಂತರ.

ಮುರಾರಿರಾವ್ ದತ್ತು ತೆಗೆದುಕೊಂಡಿದ್ದ ಶಿವರಾವ್ ಸಂಡೂರನ್ನು ಬಿಡಿಸಿಕೊಳ್ಳಲು ಹೋಗಿ ಸತ್ತ. ಉಳಿದದ್ದು ಹಾಲುಗಲ್ಲದ ಮಗ ಸಿದ್ದೋಜಿ. ಆದರೆ ಆ ಮಗುವಿನ ಹಿಂದೆ ವೆಂಕಟರಾವ್ ಎಂಬ ಚಿಕ್ಕಪ್ಪ ಇದ್ದ. ಮೂರನೇ ಮೈಸೂರು ಯುದ್ಧ ಶುರುವಾಗಿ, ಮರಾಠರೂ ಇಂಗ್ಲಿಷರೂ ಒಟ್ಟಾಗಿ ಟಿಪ್ಪುವಿನ ಮೇಲೆ ಬಿದ್ದಾಗ, 1790ರಲ್ಲಿ ಈ ವೆಂಕಟರಾವ್ ಟಿಪ್ಪುವಿನ ಸೈನಿಕರನ್ನು ಸಂಡೂರಿನಿಂದ ಓಡಿಸಿದ. 1792ರ ಸಂಧಿಯಲ್ಲಿ ಸಂಡೂರು ಘೋರ್ಪಡೆಗಳದು ಅಂತ ಲೆಕ್ಕವಾಯಿತು. ಆದರೂ ಟಿಪ್ಪು ಬದುಕಿರುವವರೆಗೆ ಯಾರೂ ಅಲ್ಲಿಗೆ ಮರಳಲಿಲ್ಲ. ಅಷ್ಟರಲ್ಲಿ ಸಿದ್ದೋಜಿ ಹದಿಮೂರನೇ ವಯಸ್ಸಿಗೇ ತೀರಿಕೊಂಡ. ಅವನ ಹೆಂಡತಿ, ಅವಳೂ ಹುಡುಗಿಯೇ ಇದ್ದಿರಬೇಕು, ಅದೇ ಮನೆತನದ ಇನ್ನೊಬ್ಬ ಶಿವರಾವ್‌ನನ್ನು ದತ್ತು ತೆಗೆದುಕೊಂಡಳು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಶಿವರಾವ್ ಮತ್ತು ವೆಂಕಟರಾವ್ ಸಂಡೂರಿಗೆ ಬಂದು ಕೂತರು.

ಬಂದು ಕೂತರು ಅನ್ನೋದೇ ಇಲ್ಲಿ ದೊಡ್ಡ ವಿಷಯ. 1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಹಂಚುವಾಗ ದುರ್ಗದ ಪರವಾಗಿ ಹಾಗೆ ಬಂದು ಕೂರುವವರು ಇರಲಿಲ್ಲ. ಕೋಟೆ ಬಿದ್ದು ಇಪ್ಪತ್ತು ವರ್ಷವಾಗಿತ್ತು. ಜನ ಚದುರಿದ್ದರು. ಕಂಪನಿಯವರು ದುರ್ಗದ ಸೀಮೆಯನ್ನು ಮೈಸೂರಿನ ಒಡೆಯರಿಗೆ ಕೊಟ್ಟ ರಾಜ್ಯದೊಳಗೆ ಸೇರಿಸಿ ಗೆರೆ ಎಳೆದರು.

ಆ ಗೆರೆಗಳನ್ನು ಕಣ್ಣಾರೆ ಕಾಣಬೇಕು ಅಂದರೆ ಹರಿಹರದ ಹಳೇ ಸೇತುವೆಯ ಹತ್ತಿರ ಹೋಗಿ ನಿಲ್ಲಬೇಕು. 1868ರಲ್ಲಿ ಮುಗಿದ ಕಲ್ಲಿನ ಕಮಾನುಗಳ ಸೇತುವೆ ಅದು. ಸೇತುವೆಯ ಈ ಕಡೆ, ಹರಿಹರೇಶ್ವರನ ಗುಡಿ ಇರುವ ದಂಡೆ, ಮೈಸೂರು ಸಂಸ್ಥಾನ. ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, ಅದು ಬಾಂಬೆ ಪ್ರಾಂತ್ಯ. ಹೊಳೆಯ ಈಚೆಗೇ ಇದ್ದು ಹರಪನಹಳ್ಳಿ ಕಡೆ ಕೆಲವು ಹರದಾರಿ ನಡೆದರೆ ಮದ್ರಾಸ್ ಪ್ರಾಂತ್ಯ. ಅತ್ತ ದಂಡೆಯ ಅಣ್ಣ, ಇತ್ತ ದಂಡೆಯ ತಂಗಿ, ಇಬ್ಬರಿಗೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಕಂದಾಯ. ನಮ್ಮಜ್ಜಿ ಹರಪನಹಳ್ಳಿ ಕಡೆಯ ಹೆಣ್ಣು. ಕೊನೆಯವರೆಗೂ ತವರಿಗೆ ಹೋಗುವಾಗ "ಕಂಪನಿ ಸೀಮೆಗೆ ಹೋಗ್ತೀನಿ" ಅಂತಲೇ ಹೇಳುತ್ತಿದ್ದಳು. ಕಂಪನಿ ಹೋಗಿ ನೂರು ವರ್ಷವಾಗಿದ್ದರೂ ಹೆಸರು ಹೋಗಿರಲಿಲ್ಲ.

ಹರಪನಹಳ್ಳಿ ಕಂಪನಿ ಸೀಮೆಯಾದದ್ದು 1800ರಲ್ಲಿ. ಟಿಪ್ಪುವಿನಿಂದ ಸಿಕ್ಕಿದ್ದ ಬಳ್ಳಾರಿ, ಅನಂತಪುರ, ಕಡಪ ಕಡೆಯ ಸೀಮೆಯನ್ನೆಲ್ಲ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ತನ್ನನ್ನು ಕಾಯುವ ಕಂಪನಿಯ ದಂಡಿನ ಖರ್ಚಿಗೆ ಅಂತ. ಅದನ್ನು ಬಿಟ್ಟುಕೊಟ್ಟ ಜಿಲ್ಲೆಗಳು ಅಂತಲೇ ಕರೆದರು. ಆ ಜಿಲ್ಲೆಗಳಿಗೆ ಮುಖ್ಯ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ.

ಮನ್ರೋ ಬಂದಾಗ ಅಲ್ಲಿ ಸುಮಾರು 80 ಪಾಳೇಗಾರರು ಇದ್ದರು. ಏಳು ವರ್ಷದೊಳಗೆ ಅವರ ಆಟವನ್ನು ಅವನು ಮುಗಿಸಿದ. ಕೆಲವರ ಕಂದಾಯವನ್ನು ಏರಿಸಿದ, ಕೊಡಲಾಗದಾಗ ಸೀಮೆ ಕಿತ್ತುಕೊಂಡ. ಕೆಲವರ ದಂಡನ್ನು ಬಿಡಿಸಿದ. ಕೆಲವರಿಗೆ ಪಿಂಚಣಿ ಕಟ್ಟಿ ಮನೆಯಲ್ಲಿ ಕೂರಿಸಿದ. ಹರಪನಹಳ್ಳಿ ಪಾಳೆಯಪಟ್ಟು ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕಾಗಿ ಕರಗಿತು. 1748ರಲ್ಲಿ ದಾವಣಗೆರೆ ಪಕ್ಕದ ಮಾಯಕೊಂಡದ ಬಯಲಿನಲ್ಲಿ ದುರ್ಗದ ಹಿರೇಮದಕರಿಯನ್ನು ಕೊಂದ ಮನೆತನ ಇದು. ಒಬ್ಬರನ್ನೊಬ್ಬರು ತಲೆಮಾರುಗಟ್ಟಲೆ ಕಾದಾಡಿದ ದುರ್ಗ, ಹರಪನಹಳ್ಳಿ ಎರಡೂ ಕೊನೆಗೆ ಬೇರೆ ಬೇರೆ ಸರ್ಕಾರಗಳ ತಾಲ್ಲೂಕು ಕಚೇರಿಗಳಾದವು.

ಹಾಗಾದರೆ ಮನ್ರೋ ಸಂಡೂರನ್ನು ಯಾಕೆ ಮುಟ್ಟಲಿಲ್ಲ? ಮುಟ್ಟಿದ. ಆದರೆ ಆಮೇಲೆ. ಈ ಕತೆಯ ತಿರುಳೆಲ್ಲ ಅಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಸಂಡೂರಿಗೆ ಒಂದು ತೊಡಕಿತ್ತು. ಪುಣೆಯಲ್ಲಿ ಕೂತು ಮರಾಠರ ಆಡಳಿತ ನಡೆಸುತ್ತಿದ್ದ ಪೇಶ್ವೆ ಅದನ್ನು ತನ್ನ ಅಧೀನದ ಸೀಮೆ ಅಂತಲೇ ತಿಳಿದಿದ್ದ. ಯಶವಂತರಾವ್ ಘೋರ್ಪಡೆ ಎಂಬ ಇನ್ನೊಬ್ಬ ಸರದಾರನಿಗೆ ಅದನ್ನು ಜಹಗೀರಾಗಿ ಕೊಟ್ಟದ್ದೂ ಆಗಿತ್ತು. ಆದರೆ ನೆಲದ ಮೇಲೆ ಇದ್ದವನು ಶಿವರಾವ್, ಅವನು ಜಗ್ಗಲಿಲ್ಲ.

1815ರಲ್ಲಿ ಎರಡನೇ ಬಾಜಿರಾವ್ ಪೇಶ್ವೆ ಸಂಡೂರಿನ ಕಡೆ ಹೊರಟ. ಕುಮಾರಸ್ವಾಮಿ ದರ್ಶನಕ್ಕೆ ಅಂತ ಹೇಳಿಕೆ. ಸಂಡೂರಿನ ಬೆಟ್ಟದ ಮೇಲಿನ ಕುಮಾರಸ್ವಾಮಿ ಗುಡಿ ದೂರದ ಮಹಾರಾಷ್ಟ್ರದಿಂದಲೂ ಜನ ಬರುವ ಕ್ಷೇತ್ರ, ಆದ್ದರಿಂದ ಯಾರೂ ತಪ್ಪು ಹಿಡಿಯುವ ಹಾಗಿರಲಿಲ್ಲ. ಆದರೆ ಯಾತ್ರೆಗೆ ಬಂದವನ ಹಿಂದೆ ದೊಡ್ಡ ದಂಡಿತ್ತು. ಶಿವರಾವ್‌ಗೆ ವಾಸನೆ ಬಡಿಯಿತು.

ಸಂಡೂರಿನ ನೆಲ ನೋಡಿದವರಿಗೆ ಅವನು ಏನು ಮಾಡಿದ ಅನ್ನೋದು ಬೇಗ ಅರ್ಥವಾಗುತ್ತದೆ. ಎರಡು ಬದಿಗೆ ಉದ್ದಕ್ಕೆ ಚಾಚಿದ ಬೆಟ್ಟದ ಸಾಲು, ನಡುವೆ ಕಣಿವೆ. ನಾರಿಹಳ್ಳ ಆ ಬೆಟ್ಟಗಳನ್ನು ಕೊರೆದು ಹರಿಯುವ ಕಡೆ ಕಿರಿದಾದ ಸಂದುಗಳಿವೆ. ಭೀಮಗಂಡಿ, ಓಬಳಗಂಡಿ ಅಂತ ಅವುಗಳ ಹೆಸರು. ಗಂಡಿ ಅಂದರೆ ಕಿಂಡಿಯೇ. ನಮ್ಮಲ್ಲಿ ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರೇ ತಲೆ ತೂರಿಸಬೇಕು, ಅಲ್ಲಿ ಒಂದು ಹಳ್ಳ ಮತ್ತು ಒಂದು ದಾರಿ ತೂರುತ್ತದೆ, ಅಷ್ಟೇ ವ್ಯತ್ಯಾಸ. ಎರಡೂ ಪಕ್ಕ ಬಂಡೆ ನೆಟ್ಟಗೆ ನಿಂತಿದೆ. ಅಲ್ಲಿ ನಿಂತರೆ ಮಧ್ಯಾಹ್ನದಲ್ಲೂ ತಂಪು, ಮಾತಾಡಿದರೆ ದನಿ ಬಂಡೆಗೆ ಬಡಿದು ಮರಳುತ್ತದೆ. ಇಂಥ ಸಂದಿಗೆ ಕೆಲವರು ಅಡ್ಡ ನಿಂತರೆ ದಂಡು ಒಳಗೆ ಬರುವುದು ಕಷ್ಟ.

ಶಿವರಾವ್ ದಾರಿ ಮುಚ್ಚಿದ. ದೇವರ ದರ್ಶನವನ್ನು ಬೇಡ ಅನ್ನಲಾಗದು, ಆದ್ದರಿಂದ ಪೇಶ್ವೆಗೆ ಕೆಲವೇ ಜನರ ಜೊತೆ ಬೆಟ್ಟಕ್ಕೆ ಹೋಗಲು ಬಿಟ್ಟ. ಬಾಜಿರಾವ್ ಕೈಮುಗಿದು ವಾಪಸ್ಸಾದ. ಸಂಡೂರು ಕೈಗೆ ಬರಲಿಲ್ಲ.

ಆಗ ಪೇಶ್ವೆ ಇನ್ನೊಂದು ದಾರಿ ಹಿಡಿದ. 1802ರ ಬಸ್ಸೇನ್ ಒಪ್ಪಂದದಲ್ಲಿ ಕಂಪನಿ ಅವನಿಗೆ ಮಾತು ಕೊಟ್ಟಿತ್ತು. ಮಾತು ಕೇಳದ ಸರದಾರರನ್ನು ಮಣಿಸಲು ದಂಡು ಕಳಿಸುತ್ತೇವೆ ಅಂತ. ಆ ಮಾತನ್ನು ಈಗ ನಡೆಸಿಕೊಡಿ ಅಂದ. ಸಂಡೂರಿನ ಮೇಲೆ ಕಂಪನಿಗೆ ದ್ವೇಷವೇನೂ ಇರಲಿಲ್ಲ. ಆದರೂ 1817ರ ಅಕ್ಟೋಬರಿನಲ್ಲಿ ದಂಡು ಹೊರಟಿತು. ಅದರ ಮುಂದೆ ಇದ್ದವನು, ಆಗ ಧಾರವಾಡ ಕಡೆ ಬಂದಿದ್ದ ಮನ್ರೋ.

ಶಿವರಾವ್ ಕಾದಾಡಲಿಲ್ಲ. ಪೇಶ್ವೆಯ ದಂಡಿಗೆ ಗಂಡಿ ಮುಚ್ಚಿದವನು ಕಂಪನಿಯ ದಂಡಿಗೆ ಬಾಗಿಲು ತೆರೆದ. ಕೋಟೆ ಒಪ್ಪಿಸಿ ಹೊರಟ. ಇದನ್ನು ಹೇಡಿತನ ಅನ್ನಬಹುದು, ನಮ್ಮ ದುರ್ಗದ ಕಣ್ಣಿಗೆ ಹಾಗೆ ಕಾಣಲೂಬಹುದು. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಪುಟ್ಟ ಸೀಮೆಯ ಮೇಲೆ ಕಂಪನಿಯ ಫಿರಂಗಿ ಹಾರದ ಹಾಗೆ ಅವನು ನೋಡಿಕೊಂಡ.

ಆಮೇಲೆ ಆದದ್ದು ಪೂರ್ತಿ ಅದೃಷ್ಟ. ಒಂದು ತಿಂಗಳೂ ಕಳೆಯಲಿಲ್ಲ, 1817ರ ನವೆಂಬರ್ 5ರಂದು ಪುಣೆಯ ಪಕ್ಕದ ಖಡ್ಕಿಯಲ್ಲಿ ಪೇಶ್ವೆ ಕಂಪನಿಯ ಮೇಲೆಯೇ ಯುದ್ಧಕ್ಕಿಳಿದ. ಸೋತ. 1818ರಲ್ಲಿ ಪೇಶ್ವೆಯ ಗಾದಿಯೇ ಇಲ್ಲವಾಯಿತು. ಸಂಡೂರನ್ನು ಕಂಪನಿ ಯಾರಿಗಾಗಿ ಕಿತ್ತುಕೊಂಡಿತ್ತೋ ಅವನೇ ಶತ್ರುವಾಗಿದ್ದ. ಮನ್ರೋ ಶಿವರಾವ್ ಪರವಾಗಿ ಬರೆದ. 1818ರಲ್ಲೇ ಸಂಡೂರು ಮರಳಿ ಸಿಕ್ಕಿತು. ಪೇಶ್ವೆ ಆರು ತಿಂಗಳು ತಡ ಮಾಡಿದ್ದರೆ ಏನಾಗುತ್ತಿತ್ತೋ ಅಂತ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರ್ ಆದ. 1826ರಲ್ಲಿ, ಅವನ ಅಧಿಕಾರದಲ್ಲೇ, ಶಿವರಾವ್‌ಗೆ ಅಧಿಕೃತ ಸನದು ಬಂತು. ಶಿವರಾವ್ ಮತ್ತು ಅವನ ವಾರಸುದಾರರಿಗೆ ಸಂಡೂರು ಎಂದೆಂದಿಗೂ, ಕಪ್ಪವಿಲ್ಲದೆ. ಮರುವರ್ಷ ಜುಲೈಯಲ್ಲಿ ಮನ್ರೋ ಹಳೆಯ ಜಿಲ್ಲೆಗಳನ್ನು ನೋಡಲು ಬಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಎಂಬತ್ತು ಪಾಳೇಗಾರರನ್ನು ಮನೆಗೆ ಕಳಿಸಿದ ಕೈಯೇ ಒಬ್ಬನಿಗೆ ಮಾತ್ರ ಸನದು ಕೊಟ್ಟಿತು.

ಸನದು ಕೊಟ್ಟದ್ದು ಏನು, ಕೊಡದೆ ಉಳಿಸಿಕೊಂಡದ್ದು ಏನು?

ಕೊಟ್ಟದ್ದು ಕಮ್ಮಿಯೇನಲ್ಲ. ಕಂದಾಯ ಪೂರ್ತಿ ದೊರೆಯದು. ಮೈಸೂರಿನವರು ಕಂಪನಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಕಟ್ಟಬೇಕಿತ್ತು, ಸಂಡೂರು ಒಂದು ಬಿಡಿಕಾಸೂ ಕಟ್ಟಬೇಕಿರಲಿಲ್ಲ. ನ್ಯಾಯ ತೀರ್ಮಾನವೂ ಅಲ್ಲಿಯದೇ. ಆದರೆ ಯಾರನ್ನಾದರೂ ಗಲ್ಲಿಗೇರಿಸಬೇಕು ಅಂದರೆ ಮದ್ರಾಸ್ ಸರ್ಕಾರದ ಒಪ್ಪಿಗೆ ಬೇಕು.

ಕೊಡದೆ ಉಳಿಸಿಕೊಂಡದ್ದು ಕಣ್ಣಿಗೆ ಬೀಳದ ಅಧಿಕಾರ. ಬಳ್ಳಾರಿಯ ಕಲೆಕ್ಟರೇ ಸಂಡೂರಿಗೆ ಪೊಲಿಟಿಕಲ್ ಏಜೆಂಟ್. ಬೆಳಗ್ಗೆ ಬಳ್ಳಾರಿ ಜಿಲ್ಲೆಯ ಕಂದಾಯದ ಕಡತ ನೋಡಿದವನೇ ಮಧ್ಯಾಹ್ನ ಸಂಡೂರಿನ ಕಾಗದ ನೋಡುತ್ತಿದ್ದ. ದೊರೆ ವಯಸ್ಸಿಗೆ ಬಂದಿದ್ದರೆ ಅವನ ಪಾತ್ರ ಸಲಹೆಗೆ ನಿಲ್ಲುತ್ತಿತ್ತು. ದೊರೆ ಇನ್ನೂ ಮಗುವಾಗಿದ್ದರೆ? ಆಗ ಆಡಳಿತವೆಲ್ಲ ಅವನ ಕಣ್ಣಳತೆಯಲ್ಲೇ. ಮಕ್ಕಳು ಗಾದಿಗೆ ಬಂದದ್ದು ಸಂಡೂರಿನಲ್ಲಿ ಮತ್ತೆ ಮತ್ತೆ ಆಯಿತು. 1861ರಲ್ಲಿ ಗಾದಿಗೆ ಬಂದ ಶಿವಷಣ್ಮುಖರಾವ್ ಅಪ್ರಾಪ್ತ. 1892ರಲ್ಲಿ ಬಂದ ವೆಂಕಟರಾವ್ ಇನ್ನೂ ಕೂಸು. ಸಂಸ್ಥಾನ ಅಂದರೆ ಬ್ರಿಟಿಷರ ಕೈ ಇಲ್ಲದ ನೆಲ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆ ವರ್ಷಗಳಲ್ಲಿ ಸಂಡೂರಿನ ಒಬ್ಬ ರೈತನಿಗೂ ಪಕ್ಕದ ಕೂಡ್ಲಿಗಿಯ ರೈತನಿಗೂ ಮೇಲಿದ್ದವನು ಒಬ್ಬನೇ ದೊರೆ.

ಇನ್ನೊಂದು ಗಂಡಾಂತರ ದತ್ತಿನದು. ಮಕ್ಕಳಿಲ್ಲದ ದೊರೆ ದತ್ತು ತೆಗೆದುಕೊಂಡರೆ ಅದನ್ನು ಒಪ್ಪುವುದು, ಬಿಡುವುದು ಕಂಪನಿಯ ಇಷ್ಟ. ಕಿತ್ತೂರಿನ ದತ್ತನ್ನು ಒಪ್ಪಲಿಲ್ಲ, 1824ರಲ್ಲಿ ಚೆನ್ನಮ್ಮ ಕತ್ತಿ ಹಿಡಿಯಬೇಕಾಯಿತು. ಗವರ್ನರ್ ಜನರಲ್ ಆಗಿ ಡಾಲ್‌ಹೌಸಿ 1848ರಲ್ಲಿ ಬಂದಮೇಲೆ ಸಾತಾರಾದಿಂದ ಶುರುವಾಗಿ ಒಂದರ ಮೇಲೊಂದು ಸಂಸ್ಥಾನ ಕಂಪನಿಯ ಹೊಟ್ಟೆಗೆ ಹೋದವು. ಸಂಡೂರಿನ ಶಿವರಾವ್ ಸತ್ತದ್ದು 1840ರಲ್ಲಿ. ಅವನಿಗೂ ಸ್ವಂತ ಮಕ್ಕಳಿರಲಿಲ್ಲ, ದತ್ತುಮಗ ವೆಂಕಟರಾವ್ ಗಾದಿಗೆ ಬಂದ, ಕಂಪನಿ ತಕರಾರು ಮಾಡಲಿಲ್ಲ. ಎಂಟು ವರ್ಷ ತಡವಾಗಿದ್ದರೆ ಇದೂ ಬೇರೆ ಕತೆ ಆಗಬಹುದಿತ್ತು. 1857ರ ದಂಗೆ ಆದಮೇಲೆ ಬ್ರಿಟಿಷರು ಸಂಸ್ಥಾನ ನುಂಗುವುದನ್ನು ನಿಲ್ಲಿಸಿ, ದತ್ತು ಒಪ್ಪುತ್ತೇವೆ ಅಂತ ಮಾತು ಕೊಟ್ಟರು. ಅಲ್ಲಿಂದ ಸಂಡೂರಿನಂಥವರಿಗೆ ಉಸಿರು ಬಂತು. ರಾಜಾ ಅನ್ನೋ ಬಿರುದು ವಂಶಪಾರಂಪರ್ಯವಾಗಿ ಸಿಕ್ಕಿದ್ದು 1876ರಲ್ಲಿ. ಅಂದರೆ ಸನದು ಬಂದು ಐವತ್ತು ವರ್ಷಕ್ಕೆ.

ಇದೇ ಹೊತ್ತಿನಲ್ಲಿ ನಮ್ಮ ಕಡೆ ಏನಾಗಿತ್ತು? ನಗರ (ಬಿದನೂರು) ಸೀಮೆಯ ರೈತರ ದಂಗೆಯ ನೆಪದಲ್ಲಿ 1831ರಲ್ಲಿ ಕಂಪನಿ ಮೈಸೂರಿನ ಆಡಳಿತವನ್ನೇ ಮುಮ್ಮಡಿ ಕೃಷ್ಣರಾಜರ ಕೈಯಿಂದ ತೆಗೆದುಕೊಂಡಿತು. 1881ರವರೆಗೆ, ಐವತ್ತು ವರ್ಷ, ಚಿತ್ರದುರ್ಗ ಹೆಸರಿಗೆ ಮೈಸೂರು ಸಂಸ್ಥಾನ, ಆಳುವವರು ಬ್ರಿಟಿಷ್ ಕಮಿಷನರು. ಸುಮಾರು 29,000 ಚದರ ಮೈಲಿಯ ಮೈಸೂರು ತನ್ನ ಅಧಿಕಾರ ಕಳೆದುಕೊಂಡು ಕೂತಿದ್ದಾಗ 161 ಚದರ ಮೈಲಿಯ ಸಂಡೂರಿನಲ್ಲಿ ಘೋರ್ಪಡೆಗಳು ಆಳುತ್ತಿದ್ದರು. ಚಿಕ್ಕದಾಗಿದ್ದೇ ಸಂಡೂರನ್ನು ಕಾಪಾಡಿತು ಅಂತ ನನ್ನ ಎಣಿಕೆ. ನುಂಗಿದರೆ ಹೊಟ್ಟೆ ತುಂಬುವಷ್ಟು ಅದು ಇರಲಿಲ್ಲ.

ಹಾಗಂತ ಬ್ರಿಟಿಷರಿಗೆ ಅಲ್ಲಿ ಬೇಕಾದದ್ದು ಏನೂ ಇರಲಿಲ್ಲ ಅಂತಲ್ಲ. ಮೊದಲು ಬೇಕಾದದ್ದು ತಂಪು. ಬಳ್ಳಾರಿ ದಂಡಿನ ಗೋರಾ ಸಿಪಾಯಿಗಳು ಬಿಸಿಲಿಗೆ ಬಸವಳಿದಾಗ ಮೂರು ಸಾವಿರ ಅಡಿಗಿಂತ ಎತ್ತರದ ರಾಮನದುರ್ಗದ ಬೆಟ್ಟಕ್ಕೆ ಕಳಿಸುತ್ತಿದ್ದರು. ಸಂಡೂರಿನ ನೆಲ, ಬ್ರಿಟಿಷರ ಬಂಗಲೆ. ಆಮೇಲೆ ಬೇಕಾದದ್ದು ಕಾಡು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮದ್ರಾಸ್ ಸರ್ಕಾರ ಸಂಸ್ಥಾನದ ಕಾಡಿನ ದೊಡ್ಡ ಭಾಗವನ್ನು ಗೇಣಿಗೆ ಹಿಡಿಯಿತು. ಕೊನೆಗೆ ಅದಿರು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮ್ಯಾಂಗನೀಸ್ ಗಣಿಗಾರಿಕೆ ಶುರುವಾಯಿತು. ಸಂಸ್ಥಾನ ಹೋದಮೇಲೆ, 1954ರಲ್ಲಿ, ಘೋರ್ಪಡೆ ಮನೆತನದವರೇ ಸಂಡೂರು ಮ್ಯಾಂಗನೀಸ್ ಕಂಪನಿಯನ್ನು ಕಟ್ಟಿದರು. ನಮ್ಮ ಡಾಬಾ ಮುಂದೆ ನಿಲ್ಲುತ್ತಿದ್ದ ಕೆಂಪು ಲಾರಿಗಳ ಕತೆಗೆ ನೂರು ವರ್ಷದ ಬೇರಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲೂ, ಅದರ ಬೆನ್ನಿಗೇ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿ ನಿಲ್ಲಿಸಿದಾಗ ಆ ಸಾಲು ಕಡಿಯಿತು.

ಚಿಕ್ಕ ರಾಜ್ಯದಲ್ಲಿ ಒಬ್ಬ ದೊರೆ ಮನಸ್ಸು ಮಾಡಿದರೆ ಕೆಲಸ ಬೇಗ ಆಗುತ್ತದೆ. ಕೊನೆಯ ದೊರೆ ಯಶವಂತರಾವ್ ಘೋರ್ಪಡೆ 1928ರಲ್ಲಿ ಗಾದಿಗೆ ಬಂದವರು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶದ ಘೋಷಣೆ ಬಂದದ್ದು 1936ರಲ್ಲಿ. ಅದಕ್ಕೂ ಮುಂಚೆಯೇ ಇವರು ಸಂಸ್ಥಾನದ ಗುಡಿಗಳನ್ನು ದಲಿತರಿಗೆ ತೆರೆದರು. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ದಾವಣಗೆರೆಗೂ ಬಂದರು, ಸಂಡೂರಿಗೂ ಹೋದರು. ಅದೇ ವೇಳೆ ಇದನ್ನೂ ಹೇಳಬೇಕು. ದೊರೆಯ ಒಳ್ಳೆಯ ಮನಸ್ಸಿನ ಮೇಲೆ ನಿಂತ ವ್ಯವಸ್ಥೆಯಲ್ಲಿ ಉಳುವವನಿಗೆ ನೆಲದ ಹಕ್ಕು ತಾನಾಗಿ ಬರಲಿಲ್ಲ. ಸಂಸ್ಥಾನ ಹೋಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೂ, 1973ರಲ್ಲಿ, ಸಂಡೂರಿನ ರೈತರು ಇನಾಂ ಭೂಮಿಗಾಗಿ ಬೀದಿಗಿಳಿದು ಜೈಲಿಗೆ ಹೋಗಬೇಕಾಯಿತು.

1947ರ ಹೊತ್ತಿಗೆ ಮದ್ರಾಸ್ ಕಡೆಯ ಸಂಸ್ಥಾನಗಳು ಐದು. ತಿರುವಾಂಕೂರು, ಕೊಚ್ಚಿ, ಪುದುಕ್ಕೋಟೈ, ಬನಗಾನಪಲ್ಲಿ ಮತ್ತು ಎಲ್ಲಕ್ಕಿಂತ ಚಿಕ್ಕದಾದ ಸಂಡೂರು. ಇದಕ್ಕೆ ತೋಪಿನ ಸಲಾಮಿಯ ಗೌರವವೂ ಇರಲಿಲ್ಲ. ಪುದುಕ್ಕೋಟೈ, ಬನಗಾನಪಲ್ಲಿ 1948ರಲ್ಲೇ ಮದ್ರಾಸಿನೊಳಗೆ ಸೇರಿದವು. ಸಂಡೂರು ಇನ್ನೊಂದು ವರ್ಷ ಎಳೆದು, 1949ರ ಏಪ್ರಿಲ್ 1ರಂದು ಸೇರಿತು.

1940ರಲ್ಲಿ ಸಂಡೂರಿನಲ್ಲಿ ಹುಟ್ಟಿ ಅದೇ ಮನೆಯಲ್ಲಿ ಇದ್ದವರನ್ನು ನೆನೆಯಿರಿ. ಹುಟ್ಟಿದ್ದು ಘೋರ್ಪಡೆ ದೊರೆಯ ಪ್ರಜೆಯಾಗಿ. ಒಂಬತ್ತನೇ ವಯಸ್ಸಿಗೆ ಮದ್ರಾಸ್ ರಾಜ್ಯ. 1953ರ ಅಕ್ಟೋಬರ್ 1ರಂದು ಆಂಧ್ರ ಬೇರೆಯಾದಾಗ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ನಮ್ಮಜ್ಜಿಯ ಹರಪನಹಳ್ಳಿಯೂ ಅದೇ 1953ರಲ್ಲಿ ಮೈಸೂರಿಗೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದಕ್ಕೆ ಸೇರಿತು, ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಅಜ್ಜಿ ಇದ್ದಿದ್ದರೆ ಈಗಲೂ ಕಂಪನಿ ಸೀಮೆಗೆ ಹೋಗ್ತೀನಿ ಅಂತಲೇ ಸೀರೆ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.